ಬಿಸಿಯಾದ ಜೇನು: ಹಾಳಾಗುವುದೇನು, ಉಳಿಯುವುದೇನು

ಚಳಿಗಾಲ ಕಾಲಿಟ್ಟು ಮನೆಗಳಲ್ಲಿ ಕೆಮ್ಮು ನೆಗಡಿ ಶುರುವಾದ ಕೂಡಲೇ ಮೊಬೈಲ್‌ಗಳಲ್ಲಿ ಒಂದು ಎಚ್ಚರಿಕೆಯ ಸಂದೇಶ ಮತ್ತೆ ಓಡಾಡತೊಡಗುತ್ತದೆ. ಬಿಸಿ ನೀರಿಗೆ ಜೇನು ಬೆರೆಸಬೇಡಿ, ಬಿಸಿ ತಾಗಿದ ಜೇನು ವಿಷವಾಗುತ್ತದೆ ಎಂಬುದು ಅದರ ಸಾರ. ವರ್ಷಗಳಿಂದ ಬೆಳಗ್ಗೆ ಎದ್ದು ಬಿಸಿ ನೀರಿಗೆ ನಿಂಬೆರಸ, ಜೇನು ಹಾಕಿ ಕುಡಿಯುತ್ತ ಬಂದವರು ಇದನ್ನು ಓದಿ ಕಂಗಾಲಾಗುತ್ತಾರೆ. ಇದೇ ಹೊತ್ತಿಗೆ ಅಂಗಡಿಗಳಲ್ಲಿ ‘ಕಚ್ಚಾ’, ‘ಬಿಸಿ ಮಾಡದ’ ಎಂಬ ಚೀಟಿ ಅಂಟಿಸಿದ ಬಾಟಲಿಗಳು ಸಾಮಾನ್ಯ ಜೇನಿಗಿಂತ ಬಹಳ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತವೆ. ಸಂದೇಶ ಕಳಿಸುವವರು ಆಯುರ್ವೇದದ ಹೆಸರು ಹೇಳುತ್ತಾರೆ, ಮಾರುವವರು ಕಿಣ್ವಗಳ (ಎಂಜೈಮ್) ಹೆಸರು ಹೇಳುತ್ತಾರೆ. ಇಬ್ಬರೂ ಬಂದು ನಿಲ್ಲುವ ತೀರ್ಮಾನ ಮಾತ್ರ ಒಂದೇ: ಬಿಸಿ ತಾಗಿದರೆ ಜೇನು ಕೆಟ್ಟಿತು.

ಈ ತೀರ್ಮಾನ ಎಷ್ಟು ಸರಿ ಎಂದು ನೋಡಬೇಕಾದರೆ ಒಂದೇ ಪ್ರಶ್ನೆಯಂತೆ ಕಾಣುವ ಇದನ್ನು ಬಿಡಿಸಿಕೊಳ್ಳಬೇಕು. ಜೇನಿನಲ್ಲಿರುವ ಯಾವ ಅಂಶ, ಎಷ್ಟು ಬಿಸಿಗೆ, ಎಷ್ಟು ಹೊತ್ತಿನಲ್ಲಿ ಹಾಳಾಗುತ್ತದೆ ಎಂಬುದು ಒಂದು. ಹಾಗೆ ಹಾಳಾಗುವ ಅಂಶ ನಾವು ಜೇನನ್ನು ನುಂಗಿದಾಗ ನಿಜಕ್ಕೂ ಏನಾದರೂ ಉಪಕಾರ ಮಾಡುತ್ತಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅರವತ್ತು ವರ್ಷಗಳ ಹಿಂದೆಯೇ ಅಳೆದು ನೋಡಿದ ಉತ್ತರಗಳಿವೆ. ಎರಡನೆಯದನ್ನು ಸಂದೇಶ ಕಳಿಸುವವರೂ ಕೇಳುವುದಿಲ್ಲ, ಬಾಟಲಿ ಮಾರುವವರೂ ಕೇಳುವುದಿಲ್ಲ.

ಮೊದಲು ಆಯುರ್ವೇದದ ಮಾತು. ಚರಕ ಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ, ಬಿಸಿ ಮಾಡಿದ ಜೇನನ್ನಾಗಲಿ, ತಾಪದಿಂದ ಬಳಲುತ್ತಿರುವವನು ಜೇನನ್ನಾಗಲಿ ಸೇವಿಸಿದರೆ ಅದು ಪ್ರಾಣಕ್ಕೇ ಮುಳುವಾಗುತ್ತದೆ ಎಂದು ಹೇಳಿರುವುದು ನಿಜ. ಅದಕ್ಕೆ ಅಲ್ಲಿ ಕೊಟ್ಟಿರುವ ಕಾರಣ ವಿಷದ ಸಂಬಂಧ. ಹುಳುಗಳು ಎಲ್ಲ ಬಗೆಯ ಹೂಗಳಿಂದ, ವಿಷದ ಗಿಡಗಳ ಹೂಗಳಿಂದಲೂ, ಮಕರಂದ ತರುತ್ತವೆ, ವಿಷಕ್ಕೆ ಉಷ್ಣ ವಿರೋಧಿ, ಆದ್ದರಿಂದ ಜೇನಿಗೂ ಉಷ್ಣ ಸಲ್ಲದು ಎಂಬ ತರ್ಕ ಅದು. ಜೇನಿನಿಂದಾದ ಆಮಕ್ಕಿಂತ, ಅಂದರೆ ಸರಿಯಾಗಿ ಜೀರ್ಣವಾಗದೆ ಉಳಿದ ದೋಷಕ್ಕಿಂತ, ಕಷ್ಟಕರವಾದದ್ದು ಬೇರೆ ಇಲ್ಲ, ಏಕೆಂದರೆ ಆಮಕ್ಕೆ ಬೇಕಾದದ್ದು ಉಷ್ಣೋಪಚಾರ, ಜೇನಿಗೆ ಅದೇ ಆಗದು ಎಂಬ ಮಾತೂ ಅಲ್ಲಿಯೇ ಇದೆ. ಸುಶ್ರುತ ಸಂಹಿತೆ ಇದನ್ನೇ ಒಪ್ಪಿ, ವಾಂತಿ ಮಾಡಿಸುವ ಚಿಕಿತ್ಸೆಯಲ್ಲಿ ಬಿಸಿ ದ್ರವದೊಂದಿಗೆ ಜೇನು ಕೊಡಬಹುದು, ಅದು ಹೊಟ್ಟೆಯಲ್ಲಿ ಜೀರ್ಣವಾಗದೆ, ನಿಲ್ಲದೆ ಹೊರಬರುವುದರಿಂದ ದೋಷವಿಲ್ಲ ಎಂಬ ವಿನಾಯಿತಿಯನ್ನೂ ಕೊಡುತ್ತದೆ. ಲೇಹ್ಯ ಮಾಡುವವರು ಪಾಕ ಇಳಿಸಿ ಪೂರ್ತಿ ಆರಿದ ಮೇಲೆಯೇ ಜೇನು ಸೇರಿಸುವುದು ಈ ನಿಯಮದ ಪಾಲನೆ.

ಇದು ತನ್ನದೇ ತರ್ಕವುಳ್ಳ, ತನ್ನದೇ ಪರಿಭಾಷೆಯುಳ್ಳ ಒಂದು ವೈದ್ಯಪದ್ಧತಿಯ ನಿಯಮ, ಅದನ್ನು ಪಾಲಿಸುವವರನ್ನು ಹಗುರವಾಗಿ ಕಾಣಲು ಕಾರಣವಿಲ್ಲ. ಆಕ್ಷೇಪ ಇರುವುದು ಅದರ ಮೇಲೆ ಹೊರಿಸುವ ಇನ್ನೊಂದು ಮಾತಿನ ಬಗ್ಗೆ. ‘ಚರಕರು ಹೇಳಿದ ವಿಷವನ್ನೇ ಇಂದಿನ ವಿಜ್ಞಾನ ಎಚ್‌ಎಂಎಫ್ ಎಂದು ಗುರುತಿಸಿದೆ’ ಎಂಬ ವಾಕ್ಯ ಈಗ ಎಲ್ಲೆಡೆ ಕೇಳಿಬರುತ್ತಿದೆ. ಗ್ರಂಥ ಕೊಟ್ಟ ಕಾರಣ ಹೂವಿನಿಂದ ಬಂದ ವಿಷ. ಎಚ್‌ಎಂಎಫ್ ಎಂಬ ರಾಸಾಯನಿಕ ಹುಟ್ಟುವುದು ಬಿಸಿಯಾದ ಸಕ್ಕರೆಯಿಂದ. ಒಂದರ ಬಾಯಿಗೆ ಇನ್ನೊಂದರ ಮಾತು ತುರುಕಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಆ ಎಚ್‌ಎಂಎಫ್‌ನ ಲೆಕ್ಕಕ್ಕೆ ಮುಂದೆ ಬರೋಣ.

ಜೇನಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಭಾಗ ಸಕ್ಕರೆ. ಸರಾಸರಿ 38 ಭಾಗ ಫ್ರಕ್ಟೋಸ್, 31 ಭಾಗ ಗ್ಲೂಕೋಸ್, ಉಳಿದದ್ದು ಮಾಲ್ಟೋಸ್ ಮೊದಲಾದವು. ನೀರು 17ರಿಂದ 20 ಭಾಗ. ಮಿಕ್ಕ ಅತ್ಯಲ್ಪ ಪಾಲಿನಲ್ಲಿ ಆಮ್ಲಗಳು, ಖನಿಜಗಳು, ಪರಾಗ, ಹೂವಿನಿಂದ ಬಂದ ಫೀನಾಲ್ ಸಂಯುಕ್ತಗಳು ಮತ್ತು ಹುಳು ತನ್ನ ಗ್ರಂಥಿಗಳಿಂದ ಬೆರೆಸಿದ ಕಿಣ್ವಗಳು ಸೇರಿಕೊಂಡಿವೆ. ಇನ್ವರ್ಟೇಸ್ ಎಂಬ ಕಿಣ್ವ ಮಕರಂದದ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಡಯಾಸ್ಟೇಸ್ ಪಿಷ್ಟವನ್ನು ಒಡೆಯುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಎಂಬುದು ಜೇನಿಗೆ ನೀರು ಸೇರಿದಾಗ ಗ್ಲೂಕೋಸಿನಿಂದ ಗ್ಲೂಕೋನಿಕ್ ಆಮ್ಲವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಉಂಟುಮಾಡುತ್ತದೆ. ಬಿಸಿಗೆ ಹಾಳಾಗುತ್ತದೆ ಎಂದು ಜನ ಹೇಳುವುದು ಮುಖ್ಯವಾಗಿ ಈ ಕಿಣ್ವಗಳನ್ನೇ. ಸಕ್ಕರೆಗೂ ಖನಿಜಗಳಿಗೂ ಬಿಸಿ ನೀರಿನಿಂದ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯಲ್ಲಿ ಜೇನಿನ ರಸಾಯನಶಾಸ್ತ್ರಕ್ಕೆ ತಮ್ಮ ಜೀವಮಾನದ ಬಹುಪಾಲನ್ನು ಕೊಟ್ಟ ಜೊನಾಥನ್ ವೈಟ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಅಳತೆಗಳು ಇಂದಿಗೂ ಈ ವಿಷಯದ ತಳಹದಿ. ಯಾವ ಉಷ್ಣತೆಯಲ್ಲಿ ಎಷ್ಟು ಹೊತ್ತಿಗೆ ಕಿಣ್ವ ಅರ್ಧಕ್ಕಿಳಿಯುತ್ತದೆ ಎಂಬುದನ್ನು ಅವರು ಅಳೆದರು. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಜೇನಿನ ಇನ್ವರ್ಟೇಸ್ ಅರ್ಧವಾಗಲು ಸುಮಾರು ನಾಲ್ಕೂಮುಕ್ಕಾಲು ಗಂಟೆ ಬೇಕು, ಡಯಾಸ್ಟೇಸ್ ಅರ್ಧವಾಗಲು ಒಂದು ಇಡೀ ದಿನ ಬೇಕು. 70 ಡಿಗ್ರಿಯಲ್ಲಿ ಇನ್ವರ್ಟೇಸ್‌ಗೆ 47 ನಿಮಿಷ, ಡಯಾಸ್ಟೇಸ್‌ಗೆ ಐದು ಗಂಟೆಗೂ ಹೆಚ್ಚು. 80 ಡಿಗ್ರಿಯಲ್ಲಿ ಇನ್ವರ್ಟೇಸ್ ಒಂಬತ್ತು ನಿಮಿಷದೊಳಗೆ ಅರ್ಧವಾಗುತ್ತದೆ, ಡಯಾಸ್ಟೇಸ್ ಒಂದೂಕಾಲು ಗಂಟೆಯಲ್ಲಿ. ಅಂದರೆ 40 ಡಿಗ್ರಿ ದಾಟಿದೊಡನೆ ಜೇನು ‘ಸತ್ತುಹೋಗುತ್ತದೆ’ ಎಂಬ ಗೆರೆ ಎಲ್ಲಿಯೂ ಇಲ್ಲ. ಬಿಸಿ ಏರಿದಷ್ಟೂ ನಷ್ಟದ ವೇಗ ಏರುತ್ತದೆ, ಆದರೆ ಎಷ್ಟು ಹೊತ್ತು ಎಂಬುದು ಎಷ್ಟು ಬಿಸಿ ಎಂಬುದರಷ್ಟೇ ಮುಖ್ಯ.

ಅದೇ ಪಟ್ಟಿಯ ಇನ್ನೊಂದು ತುದಿಯನ್ನು ಯಾರೂ ಓದುವುದಿಲ್ಲ, ನಮ್ಮ ನಾಡಿಗೆ ಹೆಚ್ಚು ಸಂಬಂಧಪಟ್ಟದ್ದು ಅದೇ. 30 ಡಿಗ್ರಿಯಲ್ಲಿ ಸುಮ್ಮನೆ ಕಪಾಟಿನಲ್ಲಿಟ್ಟ ಜೇನಿನ ಇನ್ವರ್ಟೇಸ್ 83 ದಿನಗಳಲ್ಲಿ ಅರ್ಧವಾಗುತ್ತದೆ, ಡಯಾಸ್ಟೇಸ್ 200 ದಿನಗಳಲ್ಲಿ. 40 ಡಿಗ್ರಿಯಲ್ಲಾದರೆ ಇನ್ವರ್ಟೇಸ್‌ಗೆ ಹತ್ತು ದಿನವೂ ಬೇಡ, ಡಯಾಸ್ಟೇಸ್‌ಗೆ ಒಂದು ತಿಂಗಳು ಸಾಕು. ಈ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ, ಸಂಸ್ಕರಣಾ ಘಟಕವೊಂದರಲ್ಲಿ ಜೇನನ್ನು 60 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೆ ಇನ್ವರ್ಟೇಸ್‌ನಲ್ಲಿ ಶೇಕಡಾ 7ರಷ್ಟು ಕಳೆಯುತ್ತದೆ. 30 ಡಿಗ್ರಿಯ ಅಂಗಡಿಯ ಕಪಾಟಿನಲ್ಲಿ ಒಂಬತ್ತು ದಿನ ಕುಳಿತರೂ ಅಷ್ಟೇ ಕಳೆಯುತ್ತದೆ. ಒಂದು ವರ್ಷ ಅದೇ ಕಪಾಟಿನಲ್ಲಿ ಉಳಿದ ‘ಬಿಸಿ ಮಾಡದ’ ಬಾಟಲಿಯಲ್ಲಿ ಇನ್ವರ್ಟೇಸ್‌ನ ಇಪ್ಪತ್ತರಲ್ಲಿ ಒಂದು ಪಾಲು ಉಳಿದಿದ್ದರೆ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಗೋದಾಮುಗಳಲ್ಲಿ, ಬಿಸಿಲಲ್ಲಿ ನಿಂತ ಲಾರಿಗಳಲ್ಲಿ ತಗಡಿನ ಡಬ್ಬಿಯೊಳಗಿನ ಜೇನು 40 ಡಿಗ್ರಿ ಮೀರುವುದು ಅಪರೂಪದ ಸಂಗತಿಯಲ್ಲ. ಒಲೆಯ ಮೇಲೆ ಇಟ್ಟಿಲ್ಲ ಎಂಬ ಮಾತು ನಿಜವೇ ಇರಬಹುದು. ಅಷ್ಟರಿಂದ ಕಿಣ್ವ ಉಳಿದಿದೆ ಎಂದು ಹೇಳಲಾಗದು. ಬಾಟಲಿಯ ಮೇಲೆ ಜೇನು ತೆಗೆದ ತಿಂಗಳು ನಮೂದಾಗಿರಲಿ, ಎಲ್ಲಿ ಹೇಗೆ ದಾಸ್ತಾನು ಮಾಡಿದ್ದರು ಎಂಬುದು ಗೊತ್ತಿರಲಿ. ಇವೆರಡೂ ಇಲ್ಲದೆ ‘ಬಿಸಿ ಮಾಡದ’ ಎಂಬ ಚೀಟಿಗೆ ಹೆಚ್ಚು ಹಣ ಕೊಡುವುದು ಕಣ್ಣು ಮುಚ್ಚಿಕೊಂಡು ಕೊಟ್ಟಂತೆ.

ವೈಟ್ ಅವರ ಅಳತೆಗಳು ನೀರು ಬೆರೆಸದ ಜೇನಿನವು. ಬಿಸಿ ನೀರಿನಲ್ಲಿ ಕರಗಿದ ಮೇಲೆ ಕಿಣ್ವ ಇನ್ನೂ ಬೇಗ ಹಾಳಾಗಬಹುದು. ಬಟ್ಟಲಿನ ನೀರಿಗೆ ಹಾಕಿದ ಒಂದು ಚಮಚ ಜೇನಿನ ಕಿಣ್ವ ಪೂರ್ತಿಯಾಗಿಯೇ ನಾಶವಾಯಿತು ಎಂದು ಇಟ್ಟುಕೊಳ್ಳೋಣ. ಆಗ ಕುಡಿಯುವವರಿಗೆ ಆದ ನಷ್ಟವೇನು?

ಬಹುಮಟ್ಟಿಗೆ ಏನೂ ಇಲ್ಲ. ಕಿಣ್ವ ಎಂದರೆ ಪ್ರೋಟೀನು. ಹೊಟ್ಟೆಗೆ ಇಳಿದ ಮೇಲೆ ಅದನ್ನು ಜಠರದ ಆಮ್ಲ ಮತ್ತು ಜೀರ್ಣರಸಗಳು ಬೇಳೆಯ ಪ್ರೋಟೀನಿಗೆ ಮಾಡುವುದನ್ನೇ ಮಾಡುತ್ತವೆ. ಪಿಷ್ಟ ಒಡೆಯುವ ಡಯಾಸ್ಟೇಸ್‌ನ ಕೆಲಸವನ್ನು ನಮ್ಮ ಜೊಲ್ಲು ಮತ್ತು ಮೇದೋಜೀರಕ ಗ್ರಂಥಿ ಅದಕ್ಕಿಂತ ಎಷ್ಟೋ ಪಟ್ಟು ಸಮರ್ಥವಾಗಿ ಮಾಡುತ್ತಿರುತ್ತವೆ. ಸಕ್ಕರೆ ಒಡೆಯುವ ಕಿಣ್ವ ಸಣ್ಣ ಕರುಳಿನ ಗೋಡೆಯಲ್ಲಿಯೇ ಇದೆ. ಜೇನಿನ ಇನ್ವರ್ಟೇಸ್ ತನ್ನ ಕೆಲಸವನ್ನು ಎರಿಯಲ್ಲಿಯೇ ಮುಗಿಸಿರುತ್ತದೆ. ಜೇನು ಮಾಗಿದ್ದೇ ಅದರ ದೆಸೆಯಿಂದ. ‘ಜೀವಂತ ಕಿಣ್ವ’ ಎಂಬ ಜಾಹೀರಾತಿನ ಪದ ಕೇಳಲು ಚೆನ್ನಾಗಿದೆ. ಆದರೆ ಚಮಚದಷ್ಟು ಜೇನಿನ ಕಿಣ್ವ ನುಂಗಿದವರ ಜೀರ್ಣಶಕ್ತಿ ಅದರಿಂದಾಗಿ ಹೆಚ್ಚಿದೆ ಎಂದು ಹೇಳಲು ಆಧಾರವಿಲ್ಲ.

ಹಾಗಾದರೆ ಆಹಾರ ಕಾನೂನುಗಳು ಡಯಾಸ್ಟೇಸ್ ಎಷ್ಟಿರಬೇಕು ಎಂದು ಏಕೆ ಹೇಳುತ್ತವೆ? ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಕನಿಷ್ಠ 8 ಶೇಡ್ ಘಟಕ (ಈ ಕಿಣ್ವದ ಚಟುವಟಿಕೆಯ ಅಳತೆ) ಬೇಕೆನ್ನುತ್ತದೆ, ಸ್ವಭಾವತಃ ಕಿಣ್ವ ಕಡಿಮೆಯಿರುವ ಜೇನಿಗೆ 3 ಸಾಕೆನ್ನುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿಯೂ ಕನಿಷ್ಠ ಮಿತಿ 3. ಇದು ಆರೋಗ್ಯದ ಅಳತೆಯಲ್ಲ. ಜೇನು ಹೊಸದೇ, ಅತಿಯಾಗಿ ಕಾಯಿಸಿದ್ದೇ, ಸಕ್ಕರೆ ಪಾಕ ಬೆರೆಸಿದ್ದೇ ಎಂದು ಪತ್ತೆ ಹಚ್ಚಲು ಇಟ್ಟ ಸುಳಿವು. ಕಾಯಿಸಿದ ಇತಿಹಾಸವನ್ನು ಕಿಣ್ವ ದಾಖಲಿಸಿಕೊಳ್ಳುತ್ತದೆ, ಪ್ರಯೋಗಾಲಯ ಅದನ್ನು ಓದುತ್ತದೆ. ಗುಣಮಟ್ಟದ ಈ ಗುರುತನ್ನೇ ಔಷಧೀಯ ಗುಣವೆಂದು ತಿಳಿದದ್ದರಿಂದ ಅರ್ಧ ಗೊಂದಲ ಹುಟ್ಟಿದೆ.

ಕಿಣ್ವ ನಿಜವಾಗಿ ಉಪಕಾರ ಮಾಡುವ ಒಂದು ಜಾಗ ಇದೆ, ಅದು ಗಾಯ. ಜೇನಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿಯಿರುವುದನ್ನು 1937ರಲ್ಲಿ ಜರ್ಮನಿಯ ಡೋಲ್ಡ್ ಮತ್ತು ಸಂಗಡಿಗರು ಗುರುತಿಸಿ ಅದಕ್ಕೆ ‘ಇನ್‌ಹಿಬೈನ್’ ಎಂದು ಹೆಸರಿಟ್ಟರು. ಆ ಇನ್‌ಹಿಬೈನ್ ಎಂದರೆ ಗ್ಲೂಕೋಸ್ ಆಕ್ಸಿಡೇಸ್‌ನಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಎಂದು 1960ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಮತ್ತದೇ ವೈಟ್. ಗಾಯದ ಮೇಲೆ ಹಚ್ಚಿದ ಜೇನು ಅಲ್ಲಿನ ದ್ರವದೊಂದಿಗೆ ಬೆರೆತು ತೆಳುವಾಗುತ್ತದೆ, ಕಿಣ್ವ ಎಚ್ಚೆತ್ತು ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವೇ, ಬಹಳ ಹೊತ್ತು ಬಿಡುಗಡೆ ಮಾಡುತ್ತದೆ. ಇಲ್ಲಿ ಕಾಯಿಸಿದ ಜೇನು ಕಾಯಿಸದ ಜೇನಿಗೆ ಸಮವಲ್ಲ. ಆದ್ದರಿಂದಲೇ ಆಸ್ಪತ್ರೆಗಳಲ್ಲಿ ಗಾಯಕ್ಕೆ ಬಳಸುವ ವೈದ್ಯಕೀಯ ಜೇನನ್ನು ಶಾಖದಿಂದ ಶುದ್ಧೀಕರಿಸುವುದಿಲ್ಲ, ಗಾಮಾ ವಿಕಿರಣದಿಂದ ಶುದ್ಧೀಕರಿಸುತ್ತಾರೆ. ಆಗ ಬೀಜಾಣುಗಳು ಸಾಯುತ್ತವೆ, ಸೂಕ್ಷ್ಮಾಣು ತಡೆಯುವ ಶಕ್ತಿ ಉಳಿಯುತ್ತದೆ. ನ್ಯೂಜಿಲೆಂಡಿನ ಮನುಕಾ ಜೇನಿನ ಕತೆ ಬೇರೆ. ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅದರಲ್ಲಿ ಪೆರಾಕ್ಸೈಡನ್ನು ತೆಗೆದುಹಾಕಿದ ಮೇಲೂ ಉಳಿಯುವ ಶಕ್ತಿಯೊಂದಿದೆ ಎಂದು ಕಂಡುಕೊಂಡರು. ಅದು ಮೀಥೈಲ್‌ಗ್ಲೈಆಕ್ಸಾಲ್ ಎಂಬ ಸಂಯುಕ್ತದಿಂದ ಬಂದದ್ದು ಎಂಬುದು 2008ರಲ್ಲಿ ಸ್ಪಷ್ಟವಾಯಿತು. ಅದು ಕಿಣ್ವವಲ್ಲದ ಕಾರಣ ಬಿಸಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಅಡುಗೆಮನೆಯ ಬಾಟಲಿಯ ಜೇನನ್ನು, ಕಾಯಿಸಿದ್ದಿರಲಿ ಕಾಯಿಸದ್ದಿರಲಿ, ಆಳವಾದ ಗಾಯಕ್ಕೆ ಹಚ್ಚುವುದು ಬೇಡ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆಸ್ಪತ್ರೆಯ ಜೇನಿಗೂ ಅದಕ್ಕೂ ಇರುವ ವ್ಯತ್ಯಾಸ ಆ ವಿಕಿರಣದ ಶುದ್ಧೀಕರಣವೇ.

ನಮ್ಮಲ್ಲಿ ಜೇನನ್ನು ತಟ್ಟೆಯಲ್ಲಿ ಹರಡಿ ಅಥವಾ ಬಿಳಿ ಗಾಜಿನ ಬಾಟಲಿಯಲ್ಲಿ ಬಿಸಿಲಿಗಿಡುವ ರೂಢಿ ಹಲವೆಡೆ ಇದೆ. ಒಲೆಯ ಬಿಸಿ ಕೆಟ್ಟದ್ದು, ಬಿಸಿಲು ಒಳ್ಳೆಯದು ಎಂಬ ಭಾವನೆ ಅದರ ಹಿಂದಿದೆ. ಗ್ಲೂಕೋಸ್ ಆಕ್ಸಿಡೇಸ್‌ನ ಮಟ್ಟಿಗೆ ಇದು ತಿರುಗುಮುರುಗು. ಪೆರಾಕ್ಸೈಡ್ ಹುಟ್ಟಿಸುವ ಈ ವ್ಯವಸ್ಥೆ ಬೆಳಕಿಗೇ ನಾಶವಾಗುತ್ತದೆ ಎಂದು 1964ರಷ್ಟು ಹಿಂದೆಯೇ ಕಂಡುಬಂದಿದೆ. ಜೇನಿಗೆ ಕಪ್ಪು ಗಾಜಿನ ಬಾಟಲಿ, ಕತ್ತಲ ಕಪಾಟು ಒಳ್ಳೆಯದು.

ಜೇನು ತಿಂದಾಗ ಆಗುವ ಲಾಭಗಳಲ್ಲಿ ಸಾಕಷ್ಟು ಗಟ್ಟಿ ಆಧಾರವಿರುವುದು ಕೆಮ್ಮಿಗೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 899 ಮಕ್ಕಳನ್ನು ಒಳಗೊಂಡ ಆರು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಏನೂ ಕೊಡದಿರುವುದಕ್ಕಿಂತ ಜೇನು ಕೊಟ್ಟರೆ ಕೆಮ್ಮು ಬಹುಶಃ ಹೆಚ್ಚು ಶಮನವಾಗುತ್ತದೆ ಎಂಬ ಎಚ್ಚರಿಕೆಯ ತೀರ್ಮಾನಕ್ಕೆ ಬಂತು. ಅದೇ ವರ್ಷ ಬ್ರಿಟನ್ನಿನ ಅಧಿಕೃತ ವೈದ್ಯಕೀಯ ಮಾರ್ಗಸೂಚಿಯೂ ಸಾಮಾನ್ಯ ಕೆಮ್ಮಿಗೆ ಆಂಟಿಬಯಾಟಿಕ್‌ಗಿಂತ ಮೊದಲು ಜೇನನ್ನು ಸೂಚಿಸಿತು. ಇಸ್ರೇಲಿನಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ನಮ್ಮ ಚರ್ಚೆಗೆ ಹೆಚ್ಚು ಹತ್ತಿರ. ಒಂದರಿಂದ ಐದು ವರ್ಷದೊಳಗಿನ 300 ಮಕ್ಕಳಿಗೆ ಮಲಗುವ ಮುನ್ನ ಮೂರು ಬಗೆಯ ಜೇನುಗಳಲ್ಲಿ ಒಂದನ್ನು, ಇಲ್ಲವೇ ಜೇನಿನಂತೆಯೇ ಕಾಣುವ ಖರ್ಜೂರದ ಪಾಕವನ್ನು ಹತ್ತು ಗ್ರಾಂ ಕೊಟ್ಟರು. ಜೇನು ಮೂರೂ ಬಗೆಯಲ್ಲಿ ಮುಂದಿತ್ತು, ಆದರೆ ಜೇನಿನ ಕಿಣ್ವಗಳೇ ಇಲ್ಲದ ಖರ್ಜೂರದ ಪಾಕ ಕುಡಿದವರಲ್ಲಿಯೂ ಕೆಮ್ಮು ಗಮನಾರ್ಹವಾಗಿ ತಗ್ಗಿತ್ತು. ದಪ್ಪನೆಯ ಸಿಹಿ ದ್ರವ ಗಂಟಲಿಗೆ ಲೇಪವಾಗಿ, ಜೊಲ್ಲು ಹೆಚ್ಚಿಸಿ ಕೆರೆತ ಶಮನ ಮಾಡುವುದು ಈ ಲಾಭದ ದೊಡ್ಡ ಪಾಲಾಗಿರಬೇಕು. ಶುಂಠಿ ಕಷಾಯಕ್ಕೆ ಬೆರೆಸಿದ ಮಾತ್ರಕ್ಕೆ ಜೇನು ಆ ಗುಣ ಕಳೆದುಕೊಳ್ಳುವುದಿಲ್ಲ.

ಫೀನಾಲ್ ಸಂಯುಕ್ತಗಳು, ಅಂದರೆ ಉತ್ಕರ್ಷಣ ನಿರೋಧಕಗಳೆಂದು ಹೆಸರಾದವು, ಕಿಣ್ವದಷ್ಟು ಸೂಕ್ಷ್ಮವಲ್ಲ. ಕೆಲವು ಜೇನುಗಳಲ್ಲಿ ಕಾರ್ಖಾನೆಯ ಸಂಸ್ಕರಣೆಯಿಂದ ಈ ಶಕ್ತಿ ಇಳಿದದ್ದೂ ಇದೆ, ಕೆಲವು ಅಧ್ಯಯನಗಳಲ್ಲಿ ಕಾಯಿಸಿದ ಜೇನು ಕಂದಾಗುತ್ತ ಹೋದಂತೆ ಈ ಶಕ್ತಿ ಏರಿದ್ದೂ ಇದೆ, ಏಕೆಂದರೆ ಕಂದು ಬಣ್ಣ ಕೊಡುವ ವಸ್ತುಗಳಿಗೂ ಅದೇ ಗುಣವಿದೆ. ದಿನಕ್ಕೆ ಒಂದು ಚಮಚದಲ್ಲಿ ಸಿಗುವ ಪ್ರಮಾಣ ಒಂದು ಹಿಡಿ ನೆಲ್ಲಿಕಾಯಿ ಅಥವಾ ಸೊಪ್ಪಿನ ಮುಂದೆ ಏನೂ ಅಲ್ಲ, ಹಾಗಾಗಿ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

‘ಕಚ್ಚಾ’ ಜೇನಿನ ಪರವಾಗಿರುವ ಅತ್ಯುತ್ತಮ ವಾದವನ್ನು ಬಿಡುವುದು ನ್ಯಾಯವಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 18 ಪ್ರಯೋಗಗಳ, 1,105 ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಜೇನು ಸೇವಿಸಿದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆಯ ಮಟ್ಟ ಮತ್ತು ಕೆಟ್ಟ ಕೊಲೆಸ್ಟರಾಲ್ ಅಲ್ಪ ಪ್ರಮಾಣದಲ್ಲಿ ಇಳಿದದ್ದನ್ನೂ, ಕಾಯಿಸದ ಜೇನಿನಲ್ಲಿ ಮತ್ತು ಒಂದೇ ಹೂವಿನ ಜೇನಿನಲ್ಲಿ ಈ ಪರಿಣಾಮ ಹೆಚ್ಚು ಕಂಡದ್ದನ್ನೂ ವರದಿ ಮಾಡಿದರು. ಆದರೆ ಈ ಪ್ರಯೋಗಗಳ ಜನ ಒಟ್ಟಾರೆ ಸಕ್ಕರೆ ಮಿತವಾಗಿದ್ದ ಆಹಾರಕ್ರಮದಲ್ಲಿದ್ದರು, ಸೇವಿಸಿದ್ದು ದಿನಕ್ಕೆ ಸುಮಾರು 40 ಗ್ರಾಂ, ಅವಧಿ ಸುಮಾರು ಎಂಟು ವಾರ, ಮತ್ತು ಸಾಕ್ಷ್ಯದ ಖಚಿತತೆ ಕಡಿಮೆ ಎಂದು ಲೇಖಕರೇ ಹೇಳಿದ್ದಾರೆ. ಅವರ ಸಲಹೆ ಸಕ್ಕರೆ ತಿನ್ನುತ್ತಿದ್ದವರು ಅದರ ಬದಲಿಗೆ ಜೇನು ಬಳಸಬಹುದು ಎಂಬಷ್ಟೇ. ತಿನ್ನದವರು ಶುರುಮಾಡಬೇಕು ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಗೊಳಿಸಬೇಕೆಂದ ಸಕ್ಕರೆಗಳ ಲೆಕ್ಕದಲ್ಲಿ ಜೇನೂ ಸೇರಿದೆ. ಮಧುಮೇಹಿಗಳಿಗೆ ‘ಕಾಯಿಸದ ಜೇನಾದರೆ ತೊಂದರೆಯಿಲ್ಲ’ ಎಂದು ಹೇಳುವವರು ಬಹಳ ದೊಡ್ಡ ಹಾನಿ ಮಾಡುತ್ತಿದ್ದಾರೆ.

ಈಗ ವಿಷದ ಮಾತು. ಹೈಡ್ರಾಕ್ಸಿಮೀಥೈಲ್‌ಫರ್ಫ್ಯೂರಲ್ ಎಂಬ ಉದ್ದ ಹೆಸರಿನ ಎಚ್‌ಎಂಎಫ್, ಆಮ್ಲವಿರುವ ಕಡೆ ಫ್ರಕ್ಟೋಸ್‌ನಂಥ ಸಕ್ಕರೆಗಳು ಬಿಸಿಯಾದಾಗ ಉಂಟಾಗುತ್ತದೆ. ಹೊಸ ಜೇನಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಿಲೋಗೆ 30 ಮಿಲಿಗ್ರಾಂ ಮುಟ್ಟಲು 70 ಡಿಗ್ರಿಯಲ್ಲಿ ಐದರಿಂದ 14 ಗಂಟೆ, 60 ಡಿಗ್ರಿಯಲ್ಲಿ ಒಂದರಿಂದ ಎರಡೂವರೆ ದಿನ, 30 ಡಿಗ್ರಿಯ ಕಪಾಟಿನಲ್ಲಿ 150ರಿಂದ 250 ದಿನ ಹಿಡಿಯುತ್ತದೆ. ಕೋಡೆಕ್ಸ್ ಮಿತಿ ಕಿಲೋಗೆ 40 ಮಿಲಿಗ್ರಾಂ, ನಮ್ಮಂಥ ಉಷ್ಣವಲಯದ ಜೇನಿಗೆ 80. ಭಾರತದ ಮಿತಿಯೂ 80. ಮಿತಿಯ ಅಂಚಿನಲ್ಲಿರುವ ಜೇನಿನ ಹತ್ತು ಗ್ರಾಂ ಸೇವಿಸಿದರೆ ದೇಹಕ್ಕೆ ಹೋಗುವುದು 0.8 ಮಿಲಿಗ್ರಾಂ. ಹುರಿದ ಕಾಫಿಪುಡಿಯಲ್ಲಿ ಕಿಲೋಗೆ ನೂರಾರು ಮಿಲಿಗ್ರಾಂ, ಕೆಲವೊಮ್ಮೆ ಸಾವಿರವನ್ನೂ ಮೀರಿ ಇದೇ ವಸ್ತು ಇರುತ್ತದೆ. ಒಣದ್ರಾಕ್ಷಿ, ಬೇಯಿಸಿದ ಬ್ರೆಡ್ಡು, ಕಾಯಿಸಿ ಇಳಿಸಿದ ಬೆಲ್ಲ, ಎಲ್ಲದರಲ್ಲಿಯೂ ಇದೆ. ಬಿಸಿನೀರಿನ ಜೇನಿಗೆ ಹೆದರಿ ಅದನ್ನು ಬಿಟ್ಟು ಫಿಲ್ಟರ್ ಕಾಫಿ ಕುಡಿದವರು ಎಚ್‌ಎಂಎಫ್‌ನ ಲೆಕ್ಕದಲ್ಲಿ ಹೆಚ್ಚೇ ಸೇವಿಸಿರುತ್ತಾರೆ.

ಅದರಿಂದ ಕಾಫಿಗೂ ಹೆದರಬೇಕಿಲ್ಲ. ಪ್ರಾಣಿಗಳಲ್ಲಿ ದೇಹದ ತೂಕದ ಕಿಲೋಗೆ ದಿನಕ್ಕೆ 80ರಿಂದ 100 ಮಿಲಿಗ್ರಾಂವರೆಗೆ ಕೊಟ್ಟರೂ ಕೆಟ್ಟ ಪರಿಣಾಮ ಕಂಡಿಲ್ಲ. 50 ಕಿಲೋ ತೂಕದ ಮನುಷ್ಯ ಆ ಪ್ರಮಾಣವನ್ನು ಜೇನಿನಿಂದಲೇ ಮುಟ್ಟಬೇಕಾದರೆ ಮಿತಿಯ ಅಂಚಿನ ಜೇನನ್ನು ದಿನಕ್ಕೆ 50 ಕಿಲೋ ತಿನ್ನಬೇಕು. ಎಚ್‌ಎಂಎಫ್ ದೇಹದಲ್ಲಿ ಭಾಗಶಃ ಬೇರೊಂದು ರೂಪಕ್ಕೆ ಬದಲಾಗಿ ಜೀವಕೋಶಗಳ ಅನುವಂಶಿಕ ವಸ್ತುವಿಗೆ ಹಾನಿ ಮಾಡಬಹುದು ಎಂಬ ಸಂಶಯ ವಿಜ್ಞಾನಿಗಳಲ್ಲಿ ಇದೆ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2010ರಲ್ಲಿ ಚಿಕ್ಕ ಇಲಿಗಳ (ಮೌಸ್) ಒಂದು ತಳಿಯ ಹೆಣ್ಣುಗಳಲ್ಲಿ ಭಾರೀ ಪ್ರಮಾಣ ಕೊಟ್ಟಾಗ ಯಕೃತ್ತಿನ ಗಡ್ಡೆಗಳು ಹೆಚ್ಚಿದ್ದನ್ನು ಕಂಡಿತ್ತು, ದೊಡ್ಡ ಇಲಿಗಳಲ್ಲಿ (ರ‍್ಯಾಟ್) ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ, ಆದರೆ ಅದು ಒಂದು ಚಮಚ ಜೇನಿನ ಸಂಗತಿಯಲ್ಲ.

ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಇದೇ ವಿಷಯದ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ‘ಆಯು’ ಪತ್ರಿಕೆಯಲ್ಲಿ ಪ್ರಕಟವಾಯಿತು, ವಿಷದ ಸಂದೇಶಗಳು ಬಹಳ ಸಲ ಆಧಾರವಾಗಿ ತೋರಿಸುವುದು ಅದನ್ನೇ. ಜೇನನ್ನು 60 ಮತ್ತು 140 ಡಿಗ್ರಿಗೆ ಕಾಯಿಸಿ, ತುಪ್ಪದೊಂದಿಗೆ ಬೆರೆಸಿ ಅವರು ಪರೀಕ್ಷಿಸಿದರು. ಎಚ್‌ಎಂಎಫ್ ಏರಿದ್ದು ನಿಜ, ಹಾಗೆ ಕಾಯಿಸಿ ತುಪ್ಪ ಬೆರೆಸಿದ ಜೇನು ಕಾಲಕ್ರಮೇಣ ಹಾನಿ ಮಾಡಬಹುದು ಎಂದು ಲೇಖಕರು ಬರೆದದ್ದೂ ನಿಜ. ಅದೇ ಅಧ್ಯಯನದಲ್ಲಿ 140 ಡಿಗ್ರಿಗೆ ಕಾಯಿಸಿ ತುಪ್ಪ ಬೆರೆಸಿದ ಜೇನು ತಿಂದ ಇಲಿಗಳು ತಿನ್ನುವ ಪ್ರಮಾಣದಲ್ಲಾಗಲಿ, ತೂಕದಲ್ಲಾಗಲಿ, ಅಂಗಗಳ ತೂಕದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ತೋರಲಿಲ್ಲ ಎಂಬ ಸಾಲನ್ನು ಸಂದೇಶಗಳು ಬಿಟ್ಟುಬಿಡುತ್ತವೆ. ನೀರು ಕುದಿಯುವುದೇ 100 ಡಿಗ್ರಿಗೆ. ಬಟ್ಟಲಿನ ಬಿಸಿ ನೀರಿನಲ್ಲಿ ಜೇನು 140 ಡಿಗ್ರಿ ತಲುಪುವ ಪ್ರಶ್ನೆಯೇ ಬರುವುದಿಲ್ಲ.

ಎಚ್‌ಎಂಎಫ್ ನಿಜವಾಗಿ ಕೊಲ್ಲುವುದು ಜೇನುಹುಳುಗಳನ್ನು. ಹೂವಿಲ್ಲದ ಮಳೆಗಾಲದಲ್ಲಿ ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಕೊಡುವ ಕೃಷಿಕರು ನಿಂಬೆಹುಳಿ ಹಾಕಿ ಪಾಕ ಕುದಿಸುವುದನ್ನೂ, ಹಳೆಯದಾಗಿ ಕಪ್ಪಿಟ್ಟ ಜೇನನ್ನು ಹುಳುಗಳಿಗೆ ಮರಳಿ ಇಡುವುದನ್ನೂ ನಿಲ್ಲಿಸಬೇಕು. ನಮ್ಮ ಜಠರ ಅರಗಿಸಿಕೊಳ್ಳುವ ಪ್ರಮಾಣ ಹುಳುವಿನ ಕರುಳನ್ನು ಕೆಡಿಸಿ ಕುಟುಂಬವನ್ನೇ ಬಲಿ ತೆಗೆದುಕೊಳ್ಳಬಲ್ಲದು.

ಕಾಯಿಸುವವರೆಲ್ಲ ಮೋಸಗಾರರು ಎಂಬ ಮಾತಿಗೂ ಉತ್ತರ ಹೇಳಬೇಕು. ಮಲೆನಾಡು, ಕರಾವಳಿಯ ತುಡುವೆ ಜೇನಿನಲ್ಲಿಯೂ ಕಾಡಿನ ಹೆಜ್ಜೇನಿನಲ್ಲಿಯೂ ತೇವಾಂಶ ಶೇಕಡಾ 20 ಮೀರುವುದು ಸಾಮಾನ್ಯ, ಕಾನೂನಿನ ಮಿತಿ 20. ಹುಳು ಇನ್ನೂ ಮೇಣದ ಮುಚ್ಚಳ ಹಾಕದ ಎರಿಯಿಂದ ಅವಸರದಲ್ಲಿ ತೆಗೆದರೆ ಇನ್ನೂ ಹೆಚ್ಚು. ಅಂಥ ಜೇನಿನಲ್ಲಿ ಸಕ್ಕರೆಗೆ ಜಗ್ಗದ ಯೀಸ್ಟ್‌ಗಳು ಬೆಳೆಯುತ್ತವೆ. ಕೆಲವು ವಾರಗಳಲ್ಲಿ ಮೇಲೆ ನೊರೆ ಕಟ್ಟುತ್ತದೆ, ಮುಚ್ಚಳ ತಿರುಗಿಸಿದಾಗ ಬುಸ್ಸೆಂದು ಗಾಳಿ ಹೊರಡುತ್ತದೆ, ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. 63 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟರೆ ಈ ಯೀಸ್ಟ್ ಸಾಯುತ್ತದೆ. ನೀರಿನ ತೊಟ್ಟಿಯೊಳಗೆ ಪಾತ್ರೆಯಿಟ್ಟು ಹದವಾಗಿ ಕಾಯಿಸಿ, ಸೋಸಿ, ತೇವಾಂಶ ತೆಗೆದು, ಕೂಡಲೇ ತಣಿಸುವ ಸಹಕಾರ ಸಂಘಗಳು ಮಾಡುತ್ತಿರುವುದು ಜೇನನ್ನು ಉಳಿಸುವ ಕೆಲಸ. ಕೋಡೆಕ್ಸ್ ನಿಷೇಧಿಸುವುದು ಜೇನಿನ ಮೂಲ ಸ್ವರೂಪವೇ ಬದಲಾಗುವಷ್ಟು ಕಾಯಿಸುವುದನ್ನು, ಕಾಯಿಸುವುದನ್ನೇ ಅಲ್ಲ. ಉರಿಯ ಮೇಲೆ ನೇರವಾಗಿ ಡಬ್ಬಿಯಿಟ್ಟು ಗಂಟೆಗಟ್ಟಲೆ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಬಣ್ಣ ಕಂದುತ್ತದೆ, ರುಚಿ ಸುಟ್ಟ ಬೆಲ್ಲದಂತಾಗುತ್ತದೆ. ಬಿಸಿಯಿಂದ ಜೇನು ತಿನ್ನುವವರಿಗಾಗುವ ನಿಜವಾದ ನಷ್ಟ ಇದು, ಮತ್ತು ಸೀಗೆ, ನೇರಳೆ, ಅಂಟುವಾಳದ ಹೂವಿನ ಜೇನಿನ ಪರಿಮಳ ಬಲ್ಲವರಿಗೆ ಇದು ಸಣ್ಣ ನಷ್ಟವಲ್ಲ.

ಚಳಿಗೆ ಹರಳುಗಟ್ಟಿದ ಜೇನನ್ನು ಸಕ್ಕರೆ ಬೆರೆಸಿದ್ದೆಂದು ಎಸೆಯುವವರಿದ್ದಾರೆ. ಗ್ಲೂಕೋಸ್ ಹೆಚ್ಚಿರುವ ಶುದ್ಧ ಜೇನು, ಉದಾಹರಣೆಗೆ ರಬ್ಬರ್ ತೋಟಗಳ ಜೇನು, ಬೇಗನೆ ಹರಳುಗಟ್ಟುತ್ತದೆ. 40–45 ಡಿಗ್ರಿಯ, ಅಂದರೆ ಕೈಯಿಟ್ಟರೆ ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಬಾಟಲಿ ಇಟ್ಟು ಕರಗಿಸಬಹುದು. ಗೂಡಿನೊಳಗೆ ಮರಿಗಳಿರುವ ಭಾಗದ ಉಷ್ಣತೆಯೇ 35 ಡಿಗ್ರಿಯ ಆಸುಪಾಸು ಇರುತ್ತದೆ. ಮೈಕ್ರೋವೇವ್‌ನಲ್ಲಿ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಕುದಿಯುವುದರಿಂದ ಅದು ಬೇಡ.

ಬಿಸಿಯ ಬಗ್ಗೆ ಇಷ್ಟೊಂದು ಭಯ ಹರಡಿರುವ ನಾಡಿನಲ್ಲಿ ಜೇನಿನ ನಿಜವಾದ ಅಪಾಯದ ಮಾತು ಕೇಳಿಬರುವುದೇ ಅಪರೂಪ, ಇದು ನನಗೆ ಅತ್ಯಂತ ಕಳವಳದ ಸಂಗತಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು, ಪುಷ್ಯ ನಕ್ಷತ್ರದ ದಿನ ಜೇನು ತುಪ್ಪ ಬೆರೆಸಿದ ಸ್ವರ್ಣಪ್ರಾಶನ ಹಾಕಿಸುವುದು ನಮ್ಮಲ್ಲಿ ಇಂದಿಗೂ ಪ್ರೀತಿಯಿಂದಲೇ ನಡೆಯುತ್ತವೆ. ಜೇನಿನಲ್ಲಿ ಕ್ಲಾಸ್ಟ್ರೀಡಿಯಂ ಬಾಟುಲೈನಂ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಮೊಳೆಯುವುದಿಲ್ಲ. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ತಡೆಯುವ ಸೂಕ್ಷ್ಮಾಣುಗಳು ಇನ್ನೂ ನೆಲೆಯೂರಿರುವುದಿಲ್ಲವಾದ್ದರಿಂದ ಅಲ್ಲಿ ಮೊಳೆತು, ನರಗಳನ್ನು ನಿಷ್ಕ್ರಿಯಗೊಳಿಸುವ ವಿಷ ಉಂಟುಮಾಡಬಲ್ಲವು. ಶಿಶುಗಳಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬಹಳ ಅಪರೂಪದ್ದು, ಆದರೆ ಉಸಿರಾಟವನ್ನೇ ನಿಲ್ಲಿಸಬಲ್ಲದ್ದು. ಮನೆಯಲ್ಲಿ ಜೇನನ್ನು ಕಾಯಿಸುವ ಬಿಸಿ ಈ ಬೀಜಾಣುಗಳನ್ನು ಕೊಲ್ಲುವುದಿಲ್ಲ; ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಬೇಕು. ಕಾಯಿಸಿದ ಜೇನೂ ಕಾಯಿಸದ ಜೇನೂ, ಕಾಡಿನದೂ ಕಾರ್ಖಾನೆಯದೂ, ಮೊದಲ ಹುಟ್ಟುಹಬ್ಬದವರೆಗೆ ಮಗುವಿನ ಬಾಯಿಗೆ ಬೇಡ. ಈಗಾಗಲೇ ಕೊಟ್ಟಿದ್ದು, ಮಗು ಮಲವಿಸರ್ಜನೆ ನಿಲ್ಲಿಸಿದ್ದರೆ, ಅಳುವಿನ ದನಿ ಕ್ಷೀಣಿಸಿದ್ದರೆ, ಹಾಲು ಚೀಪಲಾರದೆ ಕತ್ತು ವಾಲಿಸುತ್ತಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ದು, ಜೇನು ನೆಕ್ಕಿಸಿದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.